ಗಾಡಿಮನೆಯ ಹಿಂದೆ ಕಟ್ಟಿದ ರಾಜದೂತ್

ರೋಲರ್ ಚಿನ್ನಸ್ವಾಮಿ ಎಂದರೆ ಕೊಳ್ಳೇಗಾಲದಿಂದ ಪಾಲಾರಿನವರೆಗೆ, ಈ ಕಡೆ ಯಳಂದೂರಿನವರೆಗೆ, ರಸ್ತೆ ಬದಿಯ ಟೀ ಅಂಗಡಿಯವರಿಗೆಲ್ಲ ಗೊತ್ತಿದ್ದ ಹೆಸರು. ಗೊತ್ತಿರದೆ ಏನು ಮಾಡುತ್ತಾರೆ? ಬಸ್ಸಿನವನು ಬಂದರೆ ಧೂಳೆಬ್ಬಿಸಿಕೊಂಡು ಕಣ್ಮರೆಯಾಗುತ್ತಾನೆ. ಇವನು ಬಂದರೆ ಅರ್ಧ ದಿನ ಊರ ಮುಂದೆಯೇ ಇರುತ್ತಿದ್ದ. ರಸ್ತೆಗೆ ಜಲ್ಲಿ ಒತ್ತುವ, ಇಲಾಖೆಯ ಆ ಡೀಸೆಲ್ ರೋಲರಿನ ಓಟವೇ ಅಷ್ಟು. ಸೌದೆ ಹೊರೆ ಹೊತ್ತ ಹೆಂಗಸರೂ ಅದನ್ನು ಹಿಂದೆ ಹಾಕಿ ನಗುತ್ತ ಹೋಗುತ್ತಿದ್ದರು. ಕೊಳ್ಳೇಗಾಲದಲ್ಲಿ ಬೆಳಿಗ್ಗೆ ಬಿಟ್ಟರೆ ಹನೂರು ಸೇರುವಾಗ ಹೊತ್ತು ಇಳಿದಿರುತ್ತಿತ್ತು.

ಅಂಥ ಯಂತ್ರವನ್ನು ಸಂಜೆ ರಸ್ತೆಯಲ್ಲೇ ಬಿಟ್ಟು ಮನೆಗೆ ಹೋಗಿಬರಲು ಆಗುತ್ತದೆಯೇ? ಅದಕ್ಕೇ ರೋಲರಿನ ಹಿಂದೆ ಕೊಂಡಿ ಹಾಕಿದ ಒಂದು ತಗಡಿನ ಮನೆ. ಎರಡು ಕಬ್ಬಿಣದ ಗಾಲಿ, ಮೇಲೆ ಕಮಾನಿನ ಸೂರು, ಒಳಗೊಂದು ಮಂಚ, ಸೀಮೆಎಣ್ಣೆ ಸ್ಟವ್ವು, ಟ್ರಂಕು, ನೀರಿನ ಡ್ರಮ್ಮು. ಎಲ್ಲಿ ಕೆಲಸವೋ ಅಲ್ಲಿಗೆ ರೋಲರೇ ಅದನ್ನು ಎಳೆದುಕೊಂಡು ಹೋಗುತ್ತದೆ. ಡ್ರೈವರು ಅದರಲ್ಲೇ ಉಂಡು ಅದರಲ್ಲೇ ಮಲಗಬೇಕು. ಕೂಲಿಯವರು ಅದನ್ನು ಡಬ್ಬ ಎನ್ನುತ್ತಿದ್ದರು. ಗಾಡಿಮನೆ ಎಂದು ಮರ್ಯಾದೆ ಕೊಟ್ಟು ಕರೆದವಳು ಒಬ್ಬಳೇ, ಅವನ ಹೆಂಡತಿ ಸೋಮಮ್ಮ.

ಸೋಮಮ್ಮ ಶಾಗ್ಯದ ಹುಡುಗಿ. ಎಂಬತ್ತಾರನೆಯ ಇಸವಿಯಲ್ಲಿ ಮದುವೆಯಾಗಿ ಬಂಡಳ್ಳಿಗೆ ಬಂದಳು. ಬಂದು ನೋಡಿದರೆ ಗಂಡ ಮನೆಯಲ್ಲೇ ಇಲ್ಲ! ತಿಂಗಳಿಗೊಮ್ಮೆ ಬಸ್ಸಿಳಿದು ಬರುವುದು, ಬಟ್ಟೆ ಒಗೆಸಿಕೊಂಡು ಹೋಗುವುದು. ಎರಡು ಸಲ ನೋಡಿದಳು. ಮೂರನೆಯ ಸಲ ಅವನು ಹೊರಟಾಗ ತಾನೂ ಬಟ್ಟೆ ಗಂಟು ಕಟ್ಟಿದಳು.

ಅತ್ತೆ ಚಿಕ್ಕಮಾದಮ್ಮ ಹೌಹಾರಿದಳು. "ರೋಡಲ್ಲಿ ಒಲೆ ಊಡಾದ? ಕಂಡೋರು ಏನಂದಾರು? ಸರ್ಕಸ್ನೋರ ಸಂಸಾರ ಆಯ್ತಲ್ಲ ಕಣ್ಲಾ ನಿಂದು!"

"ಸರ್ಕಸ್ನೋರಾರ ಒಟ್ಟಿಗಿರ್ತಾರಲ್ಲತ್ತೆ," ಎಂದಳು ಸೋಮಮ್ಮ. ಅಷ್ಟೇ ಮಾತು. ಹೊರಟುಬಿಟ್ಟಳು.

ಆಮೇಲಿನ ನಾಲ್ಕು ವರ್ಷ ಚಿನ್ನಸ್ವಾಮಿ ಬದುಕಿದ ಬದುಕು ಏನೆಂದು ಹೇಳಲಿ! ಯಳಂದೂರಿನ ಹತ್ತಿರ ಸುವರ್ಣಾವತಿಯ ದಡದಲ್ಲಿ ಕ್ಯಾಂಪು ಬಿದ್ದಿತ್ತು. ಸಂಜೆ ಅವನು ರೋಲರ್ ನಿಲ್ಲಿಸಿ ಕೈಯ ಟಾರು ತೊಳೆದುಕೊಳ್ಳುವಷ್ಟರಲ್ಲಿ ಒಳಗಿನಿಂದ ಹುರುಳಿ ಸಾರಿನ ವಾಸನೆ ಬರುತ್ತಿತ್ತು. ಕೂಲಿ ಹೆಂಗಸರು ಸೋಮಮ್ಮನ ಹತ್ತಿರ ಬೆಂಕಿಗೆ, ಉಪ್ಪಿಗೆ, ಕಷ್ಟ ಸುಖ ಹೇಳಿಕೊಳ್ಳುವುದಕ್ಕೆ ಬರುತ್ತಿದ್ದರು. ಮೇಸ್ತ್ರಿ ಕೂಡ ಆ ಬಾಗಿಲ ಮುಂದೆ ಬೀಡಿ ಸೇದುತ್ತಿರಲಿಲ್ಲ. ಅದು ಡಬ್ಬ ಅಲ್ಲ, ಮನೆಯೇ ಆಗಿಹೋಗಿತ್ತು.

ಕ್ಯಾಂಪು ಎತ್ತಿದ ದಿನವಂತೂ ಅವಳಿಗೆ ಹಬ್ಬ. ಗಾಡಿಮನೆಗೆ ಇದ್ದದ್ದು ಒಂದೇ ಬಾಗಿಲು, ಅದೂ ಹಿಂದುಗಡೆ. ಬಾಗಿಲಿಗೆ ಒಂದು ಅಗಲವಾದ ಕಬ್ಬಿಣದ ಮೆಟ್ಟಿಲು. ಆ ಮೆಟ್ಟಿಲ ಮೇಲೆ ಕಾಲು ಇಳಿಬಿಟ್ಟು ಕೂತು ಅವರೆಕಾಯಿ ಸುಲಿಯುತ್ತ, ದಾರಿಯವರನ್ನು ಮಾತಾಡಿಸುತ್ತ ಬರುತ್ತಿದ್ದಳು. ಹೊಲದ ಬದುವಿನಲ್ಲಿ ಒಳ್ಳೆಯ ಸೊಪ್ಪು ಕಂಡರೆ ಇಳಿದು ಹೋಗಿ ಕಿತ್ತುಕೊಂಡು, ನಿಧಾನಕ್ಕೆ ನಡೆದುಬಂದು ಮತ್ತೆ ಹತ್ತಿ ಕೂರುವಳು. ನಿಲ್ಲಿಸು ಎಂದು ಕೇಳುವ ಗೋಜೇ ಇಲ್ಲ. ಮುಂದೆ ರೋಲರಿನ ಮೇಲೆ ಕೂತವನಿಗೆ ಅವಳು ಕಾಣುತ್ತಿರಲಿಲ್ಲ, ಆ ದಡದಡ ಸದ್ದಿನಲ್ಲಿ ಕೇಳಿಸುತ್ತಲೂ ಇರಲಿಲ್ಲ. ಆದರೂ ಹಿಂದೆ ಇದ್ದಾಳೆ ಎಂಬ ಒಂದು ಧೈರ್ಯ ಅವನ ಬೆನ್ನಿಗಿತ್ತು.

ತೊಂಬತ್ತರಲ್ಲಿ ಸೋಮಮ್ಮನಿಗೆ ಐದು ತಿಂಗಳಾಗಿದ್ದಾಗ ಹೊಟ್ಟೆಯಲ್ಲಿದ್ದದ್ದು ಉಳಿಯಲಿಲ್ಲ. ಕೊಳ್ಳೇಗಾಲದ ಆಸ್ಪತ್ರೆಯ ಡಾಕ್ಟರಮ್ಮ, ಎಷ್ಟೋ ಜನಕ್ಕೆ ಹೀಗಾಗುತ್ತದೆ, ಇದಕ್ಕೂ ರೋಲರಿಗೂ ಸಂಬಂಧವಿಲ್ಲ ಎಂದು ಬಿಡಿಸಿ ಹೇಳಿದರು. ಚಿಕ್ಕಮಾದಮ್ಮ ಕೇಳಬೇಕಲ್ಲ!

"ಆ ದಡದಡಕ್ಕೆ ಜಲ್ಲಿ ಕಲ್ಲೇ ಪುಡಿಯಾಯ್ತದೆ, ಬಸುರಿ ಒಟ್ಟೆ ಉಳೀತದಾ? ಇನ್ಮೇಲೆ ಅವಳು ಆ ಡಬ್ಬ ಅತ್ತಾದು ಬ್ಯಾಡ ಕಣ್ಲಾ ಮಗ. ನನ್ ಮೇಲಾಣೆ."

ಸೋಮಮ್ಮ ಗಂಡನ ಮುಖ ನೋಡಿದಳು. ಅವನು ನೆಲ ನೋಡುತ್ತಿದ್ದ. ಡಾಕ್ಟರಮ್ಮನ ಮಾತು ಕಿವಿಗೆ ಹೋಗಿತ್ತು, ಅಮ್ಮನ ಮಾತು ಎದೆಗೆ ಹೋಗಿತ್ತು. ತನ್ನ ರೋಲರೇ ತನ್ನ ಮಗುವನ್ನು ತಿಂದಿತು ಎಂದು ಅವನ ಮನಸ್ಸಿಗೆ ಬಂದದ್ದು ಮತ್ತೆ ಹೋಗಲೇ ಇಲ್ಲ. ಅವಳನ್ನು ಬಂಡಳ್ಳಿಯಲ್ಲಿ ಬಿಟ್ಟು ಒಬ್ಬನೇ ಬಸ್ಸು ಹತ್ತಿದ.

ಅಲ್ಲಿಂದಾಚೆ ಚಿನ್ನಸ್ವಾಮಿಗೆ ಬೇಕಿದ್ದದ್ದು ಒಂದೇ: ಸೋಮಮ್ಮ ಮತ್ತೆ ತನ್ನ ಜೊತೆ ಇರಬೇಕು. ಆದರೆ ಅವಳಾಗಿ ಬರಬೇಕು. ಬಾ ಎಂದು ಕರೆಯುವುದಕ್ಕೆ ತನಗೆ ಯಾವ ಮುಖ ಇದೆ? ಮಗು ಕಳೆದುಕೊಂಡ ಜಾಗಕ್ಕೆ ಅವಳನ್ನು ಮತ್ತೆ ಕರೆಯುವುದೇ? ಹೀಗೆಂದು ಅವನೇ ಲೆಕ್ಕ ಹಾಕಿಕೊಂಡು, ಅವನೇ ಬಾಯಿಗೆ ಬೀಗ ಜಡಿದುಕೊಂಡ. ಅವಳು ಬರುವವರೆಗೆ ನಾನೇ ಹೋಗಿಬರುತ್ತೇನೆ ಎಂದು, ಕೊಳ್ಳೇಗಾಲದಲ್ಲಿ ರೇಷ್ಮೆಗೂಡಿನ ದಳ್ಳಾಳಿಯೊಬ್ಬ ಮಾರುತ್ತಿದ್ದ ಹಳೆಯ ರಾಜದೂತ್ ಬೈಕನ್ನು ತೆಗೆದುಕೊಂಡ.

ಬೈಕೇನೋ ಬಂತು. ಕ್ಯಾಂಪು ಎತ್ತುವಾಗ ಅದನ್ನು ಏನು ಮಾಡುವುದು? ರೋಲರೂ ಓಡಬೇಕು, ಬೈಕೂ ಬರಬೇಕು, ಇರುವುದು ಒಂದೇ ಜೀವ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಬಸ್ಸಿನಲ್ಲಿ ವಾಪಸ್ಸು ಹೋಗಿ ನೋಡಿದ. ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಬೈಕಿನ ಪೆಟ್ರೋಲು ಇಳಿಸಿಕೊಂಡಿದ್ದರು. ಕೊನೆಗೆ ಗಾಡಿಮನೆಯನ್ನು ಕೊಳ್ಳೇಗಾಲಕ್ಕೆ ಎಳೆದುಕೊಂಡು ಹೋಗಿ ವೆಲ್ಡಿಂಗ್ ಅಂಗಡಿಯ ಗುರುಪಾದಸ್ವಾಮಿಯ ಮುಂದೆ ನಿಲ್ಲಿಸಿದ. ಹಿಂದುಗಡೆಗೆ ಒಂದು ತೊಟ್ಟಿ ಮಾಡಿಕೊಡಿ, ಬೈಕನ್ನು ಅಡ್ಡಡ್ಡ ನಿಲ್ಲಿಸಿ ಹೊತ್ತುಕೊಂಡು ಹೋಗುತ್ತೇನೆ ಎಂದ.

ಗುರುಪಾದಸ್ವಾಮಿ ಗಾಡಿಯನ್ನು ಒಂದು ಸುತ್ತು ಹಾಕಿ, ಬಗ್ಗಿ ಅಡಿ ನೋಡಿದರು. "ತಗಡಿಗೆ ಬೆಸುಗೆ ಹಾಕಿದ್ರೆ ತಗಡೇ ಕಿತ್ಕೊಂಡು ಬರ್ತದೆ ಕಣಪ್ಪ. ಅಡೀಲಿರೋ ಚಾಸಿಗೇ ಹಾಕಬೇಕು."

"ಅಂಗೇ ಆಕಿ ಸ್ವಾಮಿ."

"ಹಿಂದುಗಡೆ ಇಷ್ಟು ಭಾರ ಬಿದ್ರೆ ಮುಂದಿನ ಕೊಂಡಿ ಮೇಲಕ್ಕೇಳ್ತದೆ. ನೀರಿನ ಡ್ರಮ್ಮು, ಟ್ರಂಕು ಎಲ್ಲಾನೂ ಮುಂದಕ್ಕೆ ತಳ್ಳು."

"ತಳ್ತೀನಿ."

"ಮತ್ತೆ ಬಾಗಿಲು? ಬೈಕು ನಿಂತ ಮೇಲೆ ಈ ಬಾಗಿಲು ತೆಗೆಯಕ್ಕಾಗಲ್ಲ. ಈ ಮೆಟ್ಟಿಲೂ ಅಡ್ಡ ಬರ್ತದೆ."

"ಮೆಟ್ಟಿಲು ಕುಯ್ದಾಕಿ ಸ್ವಾಮಿ. ಪಕ್ಕದಲ್ಲೊಂದು ಚಿಕ್ಕ ಬಾಗಿಲು ಮಾಡ್ಕೊಡಿ, ಸಾಕು."

ಎಷ್ಟು ಸಲೀಸಾಗಿ ಅಂದುಬಿಟ್ಟ ನೋಡಿ! ಬೆಂಕಿಯ ಕೊಳವೆ ಹಿಡಿದು ಗುರುಪಾದಸ್ವಾಮಿ ಮೆಟ್ಟಿಲನ್ನು ಕೊಯ್ದರು, ಅದು ಕೆಳಗೆ ಬಿತ್ತು, ಹಳೆಯ ಕಬ್ಬಿಣದ ರಾಶಿಗೆ ಹೋಯಿತು. ಚಿನ್ನಸ್ವಾಮಿಯ ಕಣ್ಣಿಗೆ ಕಾಣುತ್ತಿದ್ದದ್ದು ಬಂಡಳ್ಳಿಯ ದಾರಿ ಒಂದೇ. ಹೆಂಡತಿಯ ಹತ್ತಿರ ಓಡುವ ಅವಸರದಲ್ಲಿ ಹೆಂಡತಿ ಕೂರುತ್ತಿದ್ದ ಜಾಗವನ್ನು ಕೊಯ್ದು ಹಾಕಿಸಿದೆ ಎಂದು ಅವನಿಗೆ ಹೊಳೆಯಲೇ ಇಲ್ಲ.

ಮೊದಲನೆಯ ಸಲ ಎಲ್ಲರೂ ಮಾಡುವ ತಪ್ಪನ್ನೇ ಅವನೂ ಮಾಡಿದ. ಬೈಕನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಪ್ಲಾಸ್ಟಿಕ್ ಹಗ್ಗದಲ್ಲಿ ಸುತ್ತಿ ಬಿಗಿದ. ಬಸ್ಸು ಲಾರಿಯಾದರೆ ಗುಂಡಿ ಬಂದಾಗ ಮಾತ್ರ ಎತ್ತಿ ಹಾಕುತ್ತದೆ. ರೋಲರ್ ಹಾಗಲ್ಲ, ಬೆಳಗಿನಿಂದ ಸಂಜೆಯವರೆಗೆ ಒಂದೇ ಸಮ ನಡುಗುತ್ತದೆ. ಆ ನಡುಕಕ್ಕೆ ಸ್ಟ್ಯಾಂಡು ತಾನೇ ಹೆಜ್ಜೆ ಹಾಕಿ ತೊಟ್ಟಿಯ ಅಂಚಿಗೆ ಬಂದು, ಹಗ್ಗ ಜಾರಿ, ಕಾಮಗೆರೆ ಹತ್ತಿರ ರಾಜದೂತ್ ತಲೆಕೆಳಗಾಗಿ ನೇತಾಡುತ್ತಿತ್ತು. ಹಿಂದೆ ಬರುತ್ತಿದ್ದ ಎತ್ತಿನ ಗಾಡಿಯವನು ಕೂಗಿ ಕೂಗಿ ಸಾಕಾಗಿ, ಗಾಡಿ ಬಿಟ್ಟು ಓಡಿಬಂದು ಮುಂದೆ ನಿಂತ ಮೇಲೆಯೇ ಇವನಿಗೆ ತಿಳಿದದ್ದು.

"ಉಲ್ಲಿನ ಗಾಡಿ ಕಟ್ಟಾಕೆ ಬರಾಕಿಲ್ವ ನಿಂಗೆ?" ಎಂದು ಆ ಗಾಡಿಯವನು ಬೈದ. ಬೈದರೂ ಒಳ್ಳೆಯದನ್ನೇ ಬೈದ. ಮುಂದಿನ ಸಲ ಚಿನ್ನಸ್ವಾಮಿ ಹುಲ್ಲಿನ ಗಾಡಿ ಬಿಗಿಯುವ ದಪ್ಪ ನೂಲಿನ ಹಗ್ಗ ತಂದ. ಸ್ಟ್ಯಾಂಡು ಎತ್ತಿ, ಚಕ್ರಗಳನ್ನೇ ತೊಟ್ಟಿಯಲ್ಲಿ ಕೂರಿಸಿ, ಗೇರಿನಲ್ಲಿ ನಿಲ್ಲಿಸಿದ. ಹ್ಯಾಂಡಲಿನ ಎರಡು ಕಡೆಯಿಂದ ಹಗ್ಗ ಕೆಳಕ್ಕೆ ತಂದು, ನಡುವೆ ಒಂದು ಕೋಲು ಕೊಟ್ಟು ತಿರುಚಿದ. ಮುಂದಿನ ಶಾಕ್ ಅಬ್ಸರ್ಬರು ನಾಲ್ಕು ಬೆರಳು ಕುಗ್ಗಿ ಕೂರುವವರೆಗೂ ತಿರುಚಿದ. ಹಗ್ಗ ಉಜ್ಜುವ ಕಡೆಯೆಲ್ಲ ಗೋಣಿತಾಟು ಇಟ್ಟ. ಒಳಗೆ ಸ್ಟವ್ವು ಇರುತ್ತದಲ್ಲ, ಪೆಟ್ರೋಲನ್ನು ಪೂರ್ತಿ ಇಳಿಸಿ ಕ್ಯಾನಿಗೆ ತುಂಬಿ ರೋಲರಿನ ಮೇಲೆ ತನ್ನ ಕಾಲ ಹತ್ತಿರ ಇಟ್ಟುಕೊಂಡ. ಹಿಂದೆ ಒಂದು ಕೆಂಪು ಬಟ್ಟೆ. ಪಕ್ಕದ ಬಾಗಿಲಿಗೆ ಹೊರಗಿನಿಂದ ಬೀಗ. ಅಷ್ಟಾದ ಮೇಲೂ ದಾರಿಯಲ್ಲಿ ಅಲ್ಲಲ್ಲಿ ಇಳಿದು ಹೋಗಿ ಗಂಟು ಎಳೆದು ನೋಡುವನು. ಆ ಗಂಟು ಎಂದೂ ಅವನಿಗೆ ಮೋಸ ಮಾಡಲಿಲ್ಲ.

ಹನೂರಿನಲ್ಲಿ ಕ್ಯಾಂಪು ಬಿದ್ದಾಗ ಸೋಮಮ್ಮ ಅತ್ತೆಯ ಜೊತೆ ಸಂತೆಗೆ ಬಂದು ಹೊಸ ಏರ್ಪಾಡು ನೋಡಿದಳು. ಚಿನ್ನಸ್ವಾಮಿ ಉತ್ಸಾಹದಿಂದ ತೊಟ್ಟಿ ತೋರಿಸಿದ, ಕೋಲು ತಿರುಚಿ ತೋರಿಸಿದ. ಸೋಮಮ್ಮ ಮೆಟ್ಟಿಲು ಇದ್ದ ಕಡೆ ನೋಡಿದಳು, ಪಕ್ಕದ ಚಿಕ್ಕ ಬಾಗಿಲನ್ನು ನೋಡಿದಳು.

"ಚೆನ್ನಾಗದೆ," ಎಂದಳು.

"ಇನ್ಮೇಲೆ ದಿನಾ ಬತ್ತೀನಿ ನೋಡು."

"ಬಾ," ಎಂದಳು. ಆಮೇಲೆ ಸಂತೆಗೆ ಹೊತ್ತಾಯಿತೆಂದು ಅತ್ತೆ ಎಳೆದುಕೊಂಡು ಹೋದಳು.

ಮಾತಿಗೆ ತಪ್ಪದೆ ಅವನು ದಿನಾ ಬಂದ. ಕತ್ತಲೆಗೆ ಮುಂಚೆ ಬರುವುದು, ಉಂಡು ಮಲಗುವುದು, ಬೆಳಗಾಗುವ ಹೊತ್ತಿಗೆ ಕಿಕ್ ಹೊಡೆದು ಹೊರಡುವುದು. ಚಿಕ್ಕಮಾದಮ್ಮನಿಗೆ ಬಲು ಸಂತೋಷ. "ಈಗ್ ನೋಡು, ಸಂಸಾರ ಅಂದ್ರೆ ಇದು," ಎಂದು ಊರಿಗೆಲ್ಲ ಹೇಳಿಕೊಂಡು ಬಂದಳು. ಆದರೆ ಚಿನ್ನಸ್ವಾಮಿ ಒಂದು ಗಮನಿಸಿದ. ಅವನು ಬೈಕು ನಿಲ್ಲಿಸಿ ಜಗಲಿ ಹತ್ತಿದ ಕೂಡಲೇ ಸೋಮಮ್ಮ ತಂಬಿಗೆಯಲ್ಲಿ ನೀರು ತಂದು ಇಡುತ್ತಿದ್ದಳು. ಗಾಡಿಮನೆಯಲ್ಲಿ ಎಂದೂ ಹಾಗೆ ಮಾಡಿದವಳಲ್ಲ. ಅಲ್ಲಿ ಡ್ರಮ್ಮಿನಿಂದ ಅವನೇ ಮೊಗೆದುಕೊಳ್ಳಬೇಕಿತ್ತು, ತಡವಾದರೆ ಅವಳಿಂದ ಬೈಸಿಕೊಳ್ಳಬೇಕಿತ್ತು.

"ಇದೇನು, ನೆಂಟ್ರಿಗೆ ಕೊಟ್ಟಂಗೆ ನೀರ್ ಕೊಡ್ತೀಯ?" ಎಂದು ಒಂದು ದಿನ ಕೇಳಿದ.

"ಬಂದೋಗೋರಿಗೆ ಕೊಡಬ್ಯಾಡ್ವ?" ಎಂದು ನಕ್ಕಳು.

ಅವನೂ ನಕ್ಕ. ನಕ್ಕರೂ ಮಾತು ಮುಳ್ಳಿನಂತೆ ಒಳಗೆ ಮುರಿದುಕೊಂಡಿತು. ಒಂದೇ ತಟ್ಟೆಯಲ್ಲಿ ಉಂಡು, ದಿನಕ್ಕೆ ಹತ್ತು ಸಲ ಜಗಳವಾಡಿ ರಾಜಿಯಾಗುತ್ತಿದ್ದವರು ಈಗ ಮಳೆ ಬಂತಾ, ಹಸು ಹಾಲು ಕೊಡ್ತಾ ಎಂದು ಕೇಳಿಕೊಳ್ಳುತ್ತಿದ್ದರು. ಅವಳು ಮನೆಗೆ ಹೊಂದಿಕೊಂಡುಬಿಟ್ಟಳು, ಇನ್ನು ತನ್ನ ತಗಡಿನ ಗೂಡು ಅವಳಿಗೆ ಯಾಕೆ ಎಂದು ಅವನು ತಿಳಿದುಕೊಂಡ.

ಆಮೇಲೆ ಕೆಲಸ ಪಾಲಾರಿನ ಕಡೆಗೆ ಹೋಯಿತು. ಸುತ್ತ ಕಾಡು, ಹೊಳೆಯ ಆಚೆ ದಡಕ್ಕೆ ತಮಿಳುನಾಡು. ಆ ಕಾಲದಲ್ಲಿ ಸಂಜೆಯಾದರೆ ಕಾಡಿನ ದಾರಿಯ ಗೇಟು ಹಾಕಿಬಿಡುತ್ತಿದ್ದರು. ಬೈಕಿದ್ದೂ ದಿನಾ ಹೋಗಿಬರುವ ಹಾಗಿರಲಿಲ್ಲ. ಶನಿವಾರ ಮಧ್ಯಾಹ್ನ ಹೊರಟರೆ ಭಾನುವಾರ ವಾಪಸ್ಸು. ಟೀ ಅಂಗಡಿಯ ಅಕ್ಕ ಪ್ರತಿ ಶನಿವಾರವೂ "ಎನ್ನ ಚಿನ್ನಸಾಮಿ, ವೀಟುಕ್ಕಾ?" ಎಂದು ಕೇಳುವಳು. ಹೌದು, ಮನೆಗೇ ಎಂದು ಇವನು ತಲೆಯಾಡಿಸುವನು. ಮಿಕ್ಕ ದಿನ ಅವನ ಜೊತೆ ಮಾತಾಡಲು ಇದ್ದವರು ಕೋತಿಗಳು. ಕೂಲಿಯವರು ತಮ್ಮ ತಮ್ಮ ಸಂಸಾರದ ಜೊತೆ ಬೇರೆ ಗುಡಿಸಲು ಹಾಕಿಕೊಂಡಿರುತ್ತಿದ್ದರು. ಅವರ ಮಕ್ಕಳ ಗಲಾಟೆ, ಒಗ್ಗರಣೆಯ ಸದ್ದು ಕೇಳುತ್ತ ಇವನು ಸ್ಟವ್ವಿಗೆ ಪಂಪು ಹೊಡೆಯುತ್ತಿದ್ದ. ಒಂದು ಸಲ ಚಳಿಜ್ವರ ಬಂದು ಎರಡು ದಿನ ಮಂಚದ ಮೇಲೆ ಬಿದ್ದಿದ್ದ. ಬಾಗಿಲು ತಟ್ಟಿ ಕೇಳುವ ಒಂದು ನರಪಿಳ್ಳೆ ಇರಲಿಲ್ಲ. ಆಗ ಅತ್ತಿದ್ದಾನೆ. ಗಂಡಸು ಹೀಗೆ ಅಳುವುದು ಯಾರಿಗಾದರೂ ಕಂಡೀತೆಂದು ಅವನೇ ಎದ್ದು ಚಿಲಕ ಹಾಕಿಕೊಂಡನಂತೆ.

ತೊಂಬತ್ತೇಳರಲ್ಲಿ ಚಿಕ್ಕಮಾದಮ್ಮ ತೀರಿಕೊಂಡಳು. ಮಕ್ಕಳು ಮತ್ತೆ ಆಗಿರಲಿಲ್ಲ. ಬಂಡಳ್ಳಿಯ ಮನೆಯಲ್ಲಿ ಸೋಮಮ್ಮ ಒಬ್ಬಳೇ, ರಸ್ತೆಯ ಮೇಲೆ ಇವನೊಬ್ಬನೇ. ಆಣೆ ಹಾಕಿದವಳೇ ಹೋದ ಮೇಲೆ ಇನ್ನು ಯಾವ ಅಡ್ಡಿ? ತಿಥಿಯೆಲ್ಲ ಮುಗಿದು ನೆಂಟರು ಹೊರಟ ಮೇಲೆ ಗಂಡ ಹೆಂಡತಿ ಜಗಲಿಯ ಮೇಲೆ ಕೂತರು.

"ಇನ್ನೇನ್ ಮಾಡೀಯೆ ಒಬ್ಳೇ?" ಎಂದ.

"ಏನ್ ಮಾಡಾದು? ನೀನೇ ಹೇಳು."

ಬಾ ಎಂಬ ಒಂದು ಮಾತು! ಒಂದೇ ಅಕ್ಷರ. ಅದು ನಾಲಗೆಯ ತುದಿಗೆ ಬಂದಿತ್ತು. ಬಂದದ್ದನ್ನು ನುಂಗಿಕೊಂಡು, ಅವಳಿಗೆ ಬಲವಂತ ಮಾಡಬಾರದೆಂದು, ದೊಡ್ಡ ಮನುಷ್ಯನ ಹಾಗೆ ಹೇಳಿದ: "ನಿಂಗೆ ಎಂಗೆ ಬೇಕೋ ಅಂಗೆ ಮಾಡು."

ಸೋಮಮ್ಮ ಹಸು ಕಟ್ಟಬೇಕು ಎಂದು ಎದ್ದುಹೋದಳು. ಇಂಥವನಿಗೆ ಏನೆನ್ನಬೇಕು ಹೇಳಿ? ಕೇಳಿದ್ದರೆ ಬಾಯಿ ಸವೆಯುತ್ತಿತ್ತೇ?

ಬಾಯಿಬಿಟ್ಟು ಕರೆಯದವನು ಕಾಯುವುದಕ್ಕೆ ಮಾತ್ರ ಶುರುಮಾಡಿದ. ಗಾಡಿಮನೆಗೆ ಹಸಿರು ಬಣ್ಣ ಹೊಡೆಸಿದ. ಹೊಸ ಚಾಪೆ ತಂದ. ಮುಂದಿನ ಕ್ಯಾಂಪು ಎಲ್ಲಿ, ಯಾವತ್ತು ಹೊರಡುತ್ತೇನೆ, ಯಾವ ದಾರಿ ಎಂಬುದನ್ನು ಶನಿವಾರ ಬಂದಾಗಲೆಲ್ಲ ಕೇಳದಿದ್ದರೂ ಹೇಳುವನು. ರಸ್ತೆಯ ಮೇಲೆ ಕೂತು ಹನೂರು ಕಡೆಯಿಂದ ಬರುವ ಪ್ರತಿಯೊಂದು ಬಸ್ಸನ್ನೂ ನೋಡುವನು. ಬಸ್ಸು ನಿಧಾನವಾದರೆ ಎದ್ದು ನಿಲ್ಲುವನು. ಅದರಿಂದ ಇಳಿದವಳು ಸೋಮಮ್ಮ ಅಲ್ಲದೆ ಬೇರೆ ಯಾರೋ ಆಗಿರುತ್ತಿದ್ದಳು. ಒಂದು ವರ್ಷ ನೋಡಿದ, ಎರಡು ವರ್ಷ ನೋಡಿದ. ಅವಳು ಬರಲಿಲ್ಲ. ಸರಿ, ಅವಳಿಗೆ ಬೇಡ ಎಂದ ಮೇಲೆ ಬೇಡ ಎಂದು ಮನಸ್ಸನ್ನು ಕಲ್ಲು ಮಾಡಿಕೊಂಡ. ಬೈಕನ್ನು ತೊಳೆಯುವುದು, ಎಣ್ಣೆ ಬಿಡುವುದು, ಹೊತ್ತು ಕಳೆಯುವುದು. ಅವನ ಅಕ್ಕರೆಯೆಲ್ಲ ಆ ಹಗ್ಗ, ಆ ಗಂಟು, ಆ ಗೋಣಿತಾಟಿನ ಮೇಲೆ ಸುರಿಯುತ್ತಿತ್ತು.

ಎರಡು ಸಾವಿರದ ಮೂರರಲ್ಲಿ ಅವನ ರೋಲರ್ ಇನ್ನು ಓಡಿಸುವ ಹಾಗಿಲ್ಲ ಎಂದಾಯಿತು. ಕಂಟ್ರಾಕ್ಟರುಗಳ ಹೊಸ ರೋಲರುಗಳು ಬಂದಿದ್ದವು. ಅವನ ಯಂತ್ರವನ್ನೂ ಗಾಡಿಮನೆಯನ್ನೂ ಕೊಳ್ಳೇಗಾಲದಲ್ಲಿ ಇಲಾಖೆಯ ಯಾರ್ಡಿನ ಬೇಲಿಯ ಪಕ್ಕ ನಿಲ್ಲಿಸಿದರು. ಅವನಿಗೆ ಅಲ್ಲೇ ಹಗಲು ಕಾವಲಿನ ಕೆಲಸ ಕೊಟ್ಟರು. ಬೆಳಿಗ್ಗೆ ರಾಜದೂತ್ ಹತ್ತಿ ಹೋದರೆ ಸಂಜೆಗೆ ಮನೆ. ಇಷ್ಟು ವರ್ಷದಿಂದ ಬಯಸಿದ್ದು ಕೊನೆಗೂ ಸಿಕ್ಕಿತು ಎನ್ನಿ, ಗಂಡ ಹೆಂಡತಿ ಒಂದೇ ಸೂರಿನ ಕೆಳಗೆ. ಆದರೆ ಸಿಕ್ಕಿದ್ದನ್ನು ಏನು ಮಾಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ. ಅವನಿಗೆ ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆಯೆಂದು ಗೊತ್ತಿಲ್ಲ. ಅವಳಿಗೆ ರಜೆಯ ದಿನ ಮಧ್ಯಾಹ್ನದ ಹೊತ್ತು ಗಂಡಸೊಬ್ಬ ಜಗಲಿಯಲ್ಲಿ ಕೂತಿದ್ದರೆ ಕೈಕಾಲು ಆಡುವುದಿಲ್ಲ. ತಂಬಿಗೆಯ ನೀರು ಮಾತ್ರ ತಪ್ಪದೆ ಬರುತ್ತಿತ್ತು.

ಮಾರನೆಯ ವರ್ಷ ಒಂದು ಭಾನುವಾರ ಪಕ್ಕದ ಮನೆಯ ಮಣಿಕಂಠ ಬಂದ. ಸಂತೆ ಸಂತೆ ತಿರುಗಿ ಬಟ್ಟೆ ಮಾರುವವನು. ಹಳೆಯ ಮೆಟಡಾರ್ ವ್ಯಾನು ತೆಗೆದುಕೊಂಡು ಅದರಲ್ಲೇ ಮಲಗುವುದಕ್ಕೆ, ಅಡುಗೆಗೆ ಏರ್ಪಾಡು ಮಾಡಿಕೊಂಡಿದ್ದ. ವ್ಯಾನು ಹೋಗದ ಹಳ್ಳಿಗಳಿಗೆ ಬೈಕಿನಲ್ಲಿ ಹೋಗಬೇಕು, ಅದನ್ನು ವ್ಯಾನಿನ ಹಿಂದೆ ಹೊತ್ತುಕೊಂಡು ಹೋಗುವುದು ಹೇಗೆ ಎಂದು ಕೇಳಲು ಬಂದಿದ್ದ. ಚಿನ್ನಸ್ವಾಮಿಯ ಮುಖ ಅರಳಿತು. ಅವನನ್ನು ಯಾರಾದರೂ ಏನಾದರೂ ಕೇಳಿ ಎಷ್ಟು ಕಾಲವಾಗಿತ್ತೋ!

"ಮೊದ್ಲು ಸ್ಟ್ಯಾಂಡ್ ಆಕ್ಬ್ಯಾಡ ಕಣ್ಲಾ ಮಣಿಕಂಠ. ಚಕ್ರದ ಮೇಲೇ ಕೂರ್ಸು. ತಗಡಿಗೆ ಬೆಸುಗೆ ಆಕಿಸ್ಬ್ಯಾಡ, ಚಾಸಿಗೇ ಆಕ್ಸು. ಶಾಕು ಕುಗ್ಗೋಗಂಟ ಹಗ್ಗ ತಿರುಚ್ಬೇಕು, ಪೂರ್ತಾ ತಿರುಚ್ಬುಟ್ರೆ ಸೀಲ್ ಒಡ್ದೋಯ್ತದೆ. ಪೆಟ್ರೋಲ್ ಇಳ್ಸು, ಒಳಗೆ ಒಲೆ ಹಚ್ಚೋನು ನೀನು." ಕೈಯಲ್ಲಿ ಹಗ್ಗವೇ ಇಲ್ಲದೆ ಗಾಳಿಯಲ್ಲೇ ಗಂಟು ಹಾಕಿ ತೋರಿಸಿದ. "ನಾನು ಅಷ್ಟು ವರ್ಸ ಎಳ್ದೆ. ಒಂದ್ ಬೆರಳು ಅಲ್ಲಾಡ್ನಿಲ್ಲ."

ಸೋಮಮ್ಮ ಬಾಗಿಲಲ್ಲಿ ಕೂತು ರಾಗಿ ಕೇರುತ್ತಿದ್ದಳು. ಮೊರದಿಂದ ಕಣ್ಣೆತ್ತದೆ ಹೇಳಿದಳು: "ನಿಜ ಕಣಪ್ಪ. ಅಲ್ಲಾಡ್ನಿಲ್ಲ. ನಾನೇ ನೋಡಿವ್ನಿ."

"ನೀನ್ ಯಾವಾಗ್ ನೋಡ್ದೆ?" ಎಂದು ಚಿನ್ನಸ್ವಾಮಿ ನಕ್ಕ.

"ಅತ್ತೆ ತೀರ್ಕಂಡ ವರ್ಸ. ನೀನು ಕ್ಯಾಂಪ್ ಎತ್ಕಂಡು ಕೌದಳ್ಳಿಗೆ ಓಯ್ತಿದ್ಯಲ್ಲ, ಅನೂರ್ ಬಸ್ ಸ್ಟ್ಯಾಂಡ್ ತಾವ ನೋಡ್ದೆ."

"ಅನೂರ್ಗೆ ಯಾಕ್ ಬಂದಿದ್ದೆ?"

"ನಿನ್ ಜೊತೆ ಓಗಾಣ ಅಂತ. ಹಸೂನ ನಮ್ಮವ್ವನ ಮನೇಲ್ ಕಟ್ಟಿ, ಬೀಗ ಆಕಿ, ಬಟ್ಟೆ ಗಂಟು ತಕಂಡು ಬಂದಿದ್ದೆ."

ಮಣಿಕಂಠ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದ. ಚಿನ್ನಸ್ವಾಮಿಯ ಕೈಗಳು ಗಂಟು ಹಾಕುತ್ತಿದ್ದ ಹಾಗೆಯೇ ಗಾಳಿಯಲ್ಲಿ ನಿಂತಿದ್ದವು.

"ನಾನ್ ಬರಾದ್ರೊಳಗೆ ನಿನ್ ರೋಲರ್ರು ಬಸ್ ಸ್ಟ್ಯಾಂಡ್ ದಾಟಿತ್ತು. ಇಂದೆ ನಡ್ಕಂಡ್ ಬಂದೆ."

"ಕೂಗ್ಬಾರ್ದಿತ್ತ!"

"ಕೂಗ್ದೆ. ಆ ಸದ್ದಲ್ಲಿ ಕೇಳ್ತದಾ? ಗಂಟು ತಲೆ ಮೇಲ್ ಇಟ್ಕಂಡು ಅಜ್ಜೀಪುರದ ಗಂಟ ಬಂದೆ. ಕಂಡೋರು ಟಾರ್ ಕೂಲಿಯೋಳು ಅನ್ಕಂಡ್ರು."

ಅಜ್ಜೀಪುರದ ತನಕ. ಅಷ್ಟು ದೂರ ರೋಲರಿನಲ್ಲಿ ಎಷ್ಟು ಹೊತ್ತಿನ ದಾರಿ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಅವನಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯದ ಸಿಟ್ಟು.

"ಮುಂದಕ್ ಬಂದು ಕೈ ಅಡ್ಡ ಆಕ್ಬಾರ್ದಿತ್ತ? ಕೂಸು ಕೂಡ ದಾಟ್ಕಂಡ್ ಓಯ್ತದೆ ಅದ!"

"ಓಗ್ಬೋದಿತ್ತು," ಎಂದಳು. ಮೊರವನ್ನು ಪಕ್ಕಕ್ಕೆ ಇಟ್ಟಳು. "ಮುಂದಕ್ ಬಂದ್ರೆ, ನನ್ನೂ ಕರ್ಕಂಡೋಗು ಅಂತ ನಾನು ಬಾಯ್ಬುಟ್ಟು ಕೇಳ್ಬೇಕಾಯ್ತಿತ್ತು. ಇಂದೆ ಜಾಗ ಇದ್ದಿದ್ರೆ ಕೇಳ್ದೇನೇ ಅತ್ತಿ ಕೂತ್ಕತಿದ್ದೆ."

ಚಿನ್ನಸ್ವಾಮಿ ಗಾಳಿಯಲ್ಲಿದ್ದ ಕೈಗಳನ್ನು ಇಳಿಸಿದ.

"ಅಜ್ಜೀಪುರದ ತಾವ ನೀನು ನಿಲ್ಲಿಸ್ದೆ. ಸದ್ಯ, ಈಗ್ ನೋಡ್ತಾನೆ ಅನ್ಕಂಡೆ. ಬಸ್ ಕಾಯೋ ಎಂಗಸ್ರು ಜೊತೆ ನಿಂತಿದ್ದೆ, ಇಲ್ಲಿಂದ ಆ ತೆಂಗಿನಮರದಷ್ಟು ದೂರ. ನೀನು ಇಳ್ದು ಇಂದಕ್ ಬಂದೆ. ಹಗ್ಗ ಎಳ್ದು ನೋಡ್ದೆ. ಒಂದ್ ಗಂಟು ಬಿಚ್ಚಿ ಮತ್ತೆ ಕಟ್ದೆ. ಸೀಟಿನ್ ಮೇಲಿನ್ ಧೂಳ ಟವಲ್ನಾಗ್ ಒರೆಸ್ದೆ. ಮತ್ತೆ ರೋಲರ್ ಅತ್ತಿ ಒಂಟೋದೆ. ನಾನ್ ಬಂಡಳ್ಳಿಗೆ ವಾಪಸ್ ಬಂದೆ."

ಅವನು ಆ ದಿನವನ್ನು ನೆನಪಿಗೆ ತಂದುಕೊಳ್ಳಲು ನೋಡಿದ. ಎಷ್ಟು ಹುಡುಕಿದರೂ ಸಿಗಲಿಲ್ಲ. ಎಲ್ಲ ದಿನಗಳಂತೆ ಅದೂ ಕ್ಯಾಂಪು ಎತ್ತಿದ ಒಂದು ದಿನ, ಹಗ್ಗ ಸರಿಯಾಗಿದ್ದ ಒಂದು ದಿನ. ಆಮೇಲೆ ಅವನು ಬಸ್ಸುಗಳನ್ನು ನೋಡುತ್ತ ಕಳೆದ ವರ್ಷಗಳು ಮಾತ್ರ ಒಂದೂ ಬಿಡದೆ ನೆನಪಿಗೆ ಬಂದವು. ಮಣಿಕಂಠ ಆಮೇಲೆ ಬತ್ತೀನಿ ಕಣಣ್ಣ ಎಂದು ಮೆಲ್ಲಗೆ ಜಾಗ ಖಾಲಿ ಮಾಡಿದ.

ಚಿನ್ನಸ್ವಾಮಿ ಜಗಲಿಯ ಅಂಚಿನಲ್ಲಿ ಕೂತ. ಕೊನೆಗೂ ಬಾಯಿ ಬಿಟ್ಟ.

"ಬಾ ಅನ್ನಬೇಕಿತ್ತು ನಾನು."

"ಊಂ," ಎಂದಳು ಸೋಮಮ್ಮ. "ಅನ್ನಬೇಕಿತ್ತು."